ಕಾರಿಗೂ ನಡಿಗೆಗೂ ಒಂದೇ ಹಾರ್ನೆಸ್

ನಮ್ಮ ನಾಯಿ ಕೆಂಪಿಗೆ ಹೊಸ ಹಾರ್ನೆಸ್, ಅಂದರೆ ಕತ್ತಿನ ಬದಲು ಎದೆಯನ್ನೂ ಬೆನ್ನನ್ನೂ ಬಳಸುವ ಪಟ್ಟಿಗಳ ತೊಡುಗೆ, ಕೊಳ್ಳಬೇಕೆಂದು ತೀರ್ಮಾನವಾದಾಗ ನಮ್ಮ ಬೇಡಿಕೆ ಬಹಳ ಸರಳವಾಗಿತ್ತು. ನಡಿಗೆಗೆ ಹಾಕಿದ್ದನ್ನು ಬಿಚ್ಚದೆ ಕಾರಿಗೆ ಹತ್ತಿಸುವಂತಿರಬೇಕು, ಅದನ್ನೇ ಸೀಟ್ ಬೆಲ್ಟಿಗೆ ಸಿಕ್ಕಿಸುವಂತಿರಬೇಕು, ಇಳಿದ ಕೂಡಲೇ ಹಗ್ಗ ಹಾಕಿಕೊಂಡು ಹೊರಡುವಂತಿರಬೇಕು. ಹಾಗೆಂದು ಹೇಳಿಕೊಳ್ಳುವ ಹಾರ್ನೆಸ್‌ಗಳು ಬೇಕಾದಷ್ಟಿವೆ. ಪೊಟ್ಟಣದ ಒಂದು ಬದಿಯಲ್ಲಿ ನಡೆಯುತ್ತಿರುವ ನಾಯಿಯ ಚಿತ್ರ, ಇನ್ನೊಂದು ಬದಿಯಲ್ಲಿ ಸೀಟಿನ ಮೇಲೆ ಕುಳಿತ ನಾಯಿಯ ಚಿತ್ರ ಇದ್ದೇ ಇರುತ್ತದೆ. ಹೊಂದದಿದ್ದರೆ ಹಿಂದಿರುಗಿಸಬಹುದೆಂಬ ಷರತ್ತಿನ ಮೇಲೆ ಮೂರು ಬಗೆಯವನ್ನು ತರಿಸಿಕೊಂಡು, ಒಂದು ಭಾನುವಾರ ಅವುಗಳನ್ನು ಮೊದಲು ಕೆಂಪಿಯ ಮೈಮೇಲೆ, ಅನಂತರ ನಿಂತ ಕಾರಿನಲ್ಲಿ, ಕೊನೆಗೆ ರಸ್ತೆಯಲ್ಲಿ ಪರೀಕ್ಷಿಸಿದಾಗ ಆ ಎರಡು ಚಿತ್ರಗಳ ನಡುವಿನ ಅಂತರ ಅರಿವಿಗೆ ಬಂದಿತು.

ಕೆಂಪಿ ಮಿಶ್ರ ತಳಿಯ, 22 ಕೆ.ಜಿ. ತೂಕದ ಹೆಣ್ಣು ನಾಯಿ. ಎದೆ ಆಳ, ಸೊಂಟ ಸಣ್ಣ, ತಲೆಯ ಅಗಲ ಕತ್ತಿಗಿಂತ ಅಷ್ಟೇನೂ ಹೆಚ್ಚಿಲ್ಲ. ಹಿಮ್ಮುಖವಾಗಿ ಜಗ್ಗಿದರೆ ಕತ್ತುಪಟ್ಟಿಯಿಂದ ಸಲೀಸಾಗಿ ನುಣುಚಿಕೊಳ್ಳುವ ಮೈಕಟ್ಟು. ಹಗ್ಗವನ್ನು ಎಳೆಯುವ ಅಭ್ಯಾಸವೂ ಇರುವುದರಿಂದ ಕತ್ತುಪಟ್ಟಿಗೆ ಹಗ್ಗ ಹಾಕುವುದು ಬೇಡವೆಂದು ಪಶುವೈದ್ಯರು ಮೊದಲೇ ಹೇಳಿದ್ದರು. ನಾಯಿ ಎಳೆದಾಗ ಕತ್ತುಪಟ್ಟಿಯ ಒತ್ತಡದಿಂದ ಕಣ್ಣಿನೊಳಗಿನ ಒತ್ತಡ ಏರುತ್ತದೆ, ಹಾರ್ನೆಸ್ ತೊಡಿಸಿದಾಗ ಹಾಗಾಗುವುದಿಲ್ಲ ಎಂಬುದನ್ನು 2006ರಲ್ಲಿ ಪ್ರಕಟವಾದ ಒಂದು ಅಧ್ಯಯನ ತೋರಿಸಿದೆ. ಇನ್ನು ಕಾರಿನಲ್ಲಿ ಕತ್ತುಪಟ್ಟಿಗೆ ಬೆಲ್ಟ್ ಕಟ್ಟುವ ಮಾತೇ ಇಲ್ಲ; ಜೋರಾದ ಒಂದು ಬ್ರೇಕು ಸಾಕು, ಇಡೀ ಮೈಯ ವೇಗವನ್ನು ಕತ್ತೊಂದೇ ತಡೆಯಬೇಕಾಗುತ್ತದೆ.

ನಡಿಗೆಯ ಹಾರ್ನೆಸ್ ಮಾಡಬೇಕಾದ ಕೆಲಸವೂ ಕಾರಿನ ಹಾರ್ನೆಸ್ ಮಾಡಬೇಕಾದ ಕೆಲಸವೂ ಮೂಲದಲ್ಲಿಯೇ ಬೇರೆ. ನಡೆಯುವಾಗ ಪಟ್ಟಿಗಳು ಹಗುರವಾಗಿ, ಭುಜದಿಂದ ದೂರವಾಗಿ, ಮುಂಗಾಲನ್ನು ಪೂರ್ತಿಯಾಗಿ ಚಾಚಲು ಬಿಡುವಂತಿರಬೇಕು. ಕಾರು ಗುದ್ದಿದಾಗ ಅದೇ ಪಟ್ಟಿಗಳು ಅಗಲವಾಗಿ, ಮೈಗೆ ಒತ್ತಿಕೊಂಡು, ಎದೆಮೂಳೆಯ ಮೇಲೆ ಭಾರವನ್ನು ಹರಡಿ, ಎಲ್ಲಿಯೂ ಕಿತ್ತುಬಾರದಂತಿರಬೇಕು. ಗಂಟೆಗೆ 48 ಕಿ.ಮೀ. ವೇಗದಲ್ಲಿರುವ ಕಾರು ಗುದ್ದಿ ನಿಂತರೆ ಒಳಗಿರುವ ನಾಯಿಗೆ ಅದು ಸುಮಾರು 9 ಮೀಟರ್ ಎತ್ತರದಿಂದ ಬಿದ್ದುದಕ್ಕೆ ಸಮ. ಆ ವೇಗವೆಲ್ಲ ಒಂದು ಸೆಕೆಂಡಿನ ಹತ್ತನೆಯ ಒಂದು ಭಾಗದಲ್ಲಿ ಇಳಿಯಿತೆಂದು ಹಿಡಿದು ಲೆಕ್ಕ ಹಾಕಿದರೆ, ಕೆಂಪಿಯನ್ನು ಹಿಡಿದಿರುವ ಪಟ್ಟಿಗಳ ಮೇಲೆ ಸರಾಸರಿ 300 ಕೆ.ಜಿ. ತೂಕ ನೇತುಬಿದ್ದಷ್ಟು ಬಲ ಬೀಳುತ್ತದೆ. ಬೆಕ್ಕನ್ನು ಕಂಡು ಅವಳು ಎಷ್ಟೇ ಜೋರಾಗಿ ಎಳೆದರೂ ಅದು ಈ ಲೆಕ್ಕದ ಹತ್ತಿರಕ್ಕೂ ಬರುವುದಿಲ್ಲ. ನಡಿಗೆಯಲ್ಲಿ ವರ್ಷಗಟ್ಟಲೆ ಬಾಳಿದ ಪ್ಲಾಸ್ಟಿಕ್ ಬಕಲ್ ಕಾರಿನಲ್ಲಿಯೂ ಬಾಳುತ್ತದೆ ಎಂದು ನಂಬಲು ಆಧಾರವಿಲ್ಲ.

ಹಾಗಾದರೆ ಪೊಟ್ಟಣದ ಮೇಲೆ 'ಅಪಘಾತ ಪರೀಕ್ಷೆಗೆ ಒಳಪಟ್ಟಿದೆ' ಎಂದು ಬರೆದದ್ದನ್ನು ನಂಬಬಹುದೇ? ಪರೀಕ್ಷೆಗೆ ಒಳಪಡುವುದು ಬೇರೆ, ಅದರಲ್ಲಿ ತೇರ್ಗಡೆಯಾಗುವುದು ಬೇರೆ. ಮಕ್ಕಳ ಕಾರ್ ಸೀಟುಗಳಿಗೆ ಸರ್ಕಾರಿ ಮಾನದಂಡವಿರುವ ಅಮೆರಿಕದಲ್ಲಿಯೂ ನಾಯಿಗಳ ಹಾರ್ನೆಸ್‌ಗೆ ಅಂಥ ಕಡ್ಡಾಯ ಮಾನದಂಡವಿಲ್ಲ. ಅಲ್ಲಿನ ಸೆಂಟರ್ ಫಾರ್ ಪೆಟ್ ಸೇಫ್ಟಿ ಎಂಬ ಲಾಭರಹಿತ ಸಂಸ್ಥೆಯು ಸುಬಾರು ಕಂಪನಿಯ ನೆರವಿನಿಂದ 2013ರಲ್ಲಿ ಹಲವು ಹಾರ್ನೆಸ್‌ಗಳನ್ನು ಪರೀಕ್ಷಿಸಿತು. ಸುಮಾರು 11, 20 ಮತ್ತು 34 ಕೆ.ಜಿ. ತೂಕದ ನಾಯಿಬೊಂಬೆಗಳನ್ನು ಸೀಟಿಗೆ ಕಟ್ಟಿ, ಮಕ್ಕಳ ಸೀಟುಗಳ ಪರೀಕ್ಷೆಯ ಮಾದರಿಯಲ್ಲಿಯೇ ನಡೆಸಿದ ಆ ಪ್ರಯೋಗದಲ್ಲಿ ಕೆಲವು ಹಾರ್ನೆಸ್‌ಗಳು ಪೂರ್ತಿಯಾಗಿ ಕೈಕೊಟ್ಟವು. ಸ್ಲೀಪಿಪಾಡ್ ಕಂಪನಿಯ ಕ್ಲಿಕ್‌ಇಟ್ ಯುಟಿಲಿಟಿ ಎಲ್ಲಕ್ಕಿಂತ ಉತ್ತಮವೆಂದು ಹೊರಹೊಮ್ಮಿತು. ಆಮೇಲೆ ಆ ಸಂಸ್ಥೆ ತನ್ನದೇ ಪ್ರಮಾಣೀಕರಣವನ್ನು ಆರಂಭಿಸಿತು. ಈ ವಿವರಗಳನ್ನು ಓದಿದ ಮೇಲೆ ಲೇಬಲ್ಲಿನಲ್ಲಿ ನಾನು ಹುಡುಕಿದ್ದು 'ಪರೀಕ್ಷೆ' ಎಂಬ ಪದವನ್ನಲ್ಲ. ಯಾರು ಪರೀಕ್ಷಿಸಿದರು, ಎಷ್ಟು ವೇಗದಲ್ಲಿ, ಎಷ್ಟು ತೂಕದ ಬೊಂಬೆಯೊಂದಿಗೆ, ಯಾವ ಅಳತೆಯ ಹಾರ್ನೆಸ್‌ನಲ್ಲಿ ಎಂಬ ವಿವರಗಳನ್ನು. ನಾವು ತರಿಸಿದ ಮೂರರಲ್ಲಿ ಒಂದೇ ಒಂದು ಇವೆಲ್ಲವನ್ನೂ ಹೇಳುತ್ತಿತ್ತು. ಇನ್ನೊಂದರ ಕೈಪಿಡಿಯಲ್ಲಿ ಸಣ್ಣ ಅಕ್ಷರಗಳಲ್ಲಿ, ಅದರ ಬೆಲ್ಟ್ ಕುಣಿಕೆ ಚಾಲಕನ ಗಮನ ಕೆಡದಂತೆ ನಾಯಿಯನ್ನು ಹಿಂದಿನ ಸೀಟಿನಲ್ಲಿ ಉಳಿಸಿಕೊಳ್ಳಲು ಮಾತ್ರ ಎಂದಿತ್ತು. ಅದೂ ಬೇಕಾದ ಕೆಲಸವೇ. ಬ್ರಿಟನ್ನಿನ ಹೈವೇ ಕೋಡ್‌ನ 57ನೆಯ ನಿಯಮ ನಾಯಿಯನ್ನು ವಾಹನದಲ್ಲಿ ಸರಿಯಾಗಿ ಕಟ್ಟಿಡಬೇಕೆಂದು ಹೇಳುವಾಗ ಚಾಲಕನ ಗಮನ ಕೆಡುವುದನ್ನೂ, ಥಟ್ಟನೆ ನಿಂತಾಗ ನಾಯಿಗೂ ಜನರಿಗೂ ಆಗುವ ಪೆಟ್ಟನ್ನೂ ಒಟ್ಟಿಗೇ ಹೆಸರಿಸುತ್ತದೆ. ಆದರೆ ಮೊದಲನೆಯದಕ್ಕೆ ಸಾಲುವ ಪಟ್ಟಿ ಎರಡನೆಯದಕ್ಕೂ ಸಾಲುತ್ತದೆ ಎಂದು ಹೇಳಲಾಗದು.

ಅಳತೆ ತೆಗೆಯುವ ಕೆಲಸ ಅಕ್ಕನದಾಯಿತು. ಕೆಂಪಿಯನ್ನು ನಿಲ್ಲಿಸಿಕೊಳ್ಳುವುದು ನನ್ನದು. ಮುಂಗಾಲುಗಳ ಹಿಂದೆ ಎದೆ ಅತಿ ದಪ್ಪವಾಗಿರುವ ಕಡೆ 68 ಸೆಂ.ಮೀ., ಕತ್ತು ಭುಜಕ್ಕೆ ಸೇರುವ ಬುಡದಲ್ಲಿ 44 ಸೆಂ.ಮೀ. ಬಂದಿತು. ಕೂತ ನಾಯಿಯನ್ನು ಅಳೆದರೆ ಬೇರೆಯೇ ಸಂಖ್ಯೆ ಬರುತ್ತದೆ, ಆದ್ದರಿಂದ ನಿಂತೇ ಇರಬೇಕು. ಆದರೆ ಟೇಪು ಹೊಟ್ಟೆಗೆ ತಾಗಿದ ಕೂಡಲೇ ಮಲಗಿ ಬೆನ್ನು ಹೊರಳಿಸುವುದು ಕೆಂಪಿಯ ಪದ್ಧತಿ. ತೂಕವನ್ನಷ್ಟೇ ನೋಡಿ 'ಮಧ್ಯಮ' ಎಂದು ಆರಿಸಿದ್ದರೆ ಎದೆ ಬಿಗಿಯಾಗಿ ಕತ್ತು ಸಡಿಲವಾಗುತ್ತಿತ್ತು. ಇಂಥ ಮೈಕಟ್ಟಿಗೆ ಎದೆಯಲ್ಲಿಯೂ ಕತ್ತಿನಲ್ಲಿಯೂ ಬೇರೆ ಬೇರೆಯಾಗಿ ಹೊಂದಿಸಬಹುದಾದ ಪಟ್ಟಿಗಳಿಲ್ಲದ ಹಾರ್ನೆಸ್ ಯಾವ ಅಳತೆಯದಾದರೂ ಸರಿಬರುವುದಿಲ್ಲ.

ಮೊದಲನೆಯದು ಎದೆಯ ಮುಂದೆ ಅಡ್ಡವಾಗಿ ಒಂದೇ ಪಟ್ಟಿ ಹಾಯುವ ಬಗೆ. ತೊಡಿಸುವುದು ಸುಲಭ, ತಲೆಯ ಮೇಲಿಂದ ಹಾಕಿ ಹೊಟ್ಟೆಯ ಕೆಳಗೆ ಒಂದು ಬಕಲ್ ಒತ್ತಿದರೆ ಮುಗಿಯಿತು. ಕೆಂಪಿ ಎರಡು ಹೆಜ್ಜೆ ಹಿಂದೆ ಸರಿದು ತಲೆ ತಗ್ಗಿಸಿದಳು, ಹಾರ್ನೆಸ್ ಕಿವಿಗಳ ತನಕ ಜಾರಿಬಂದಿತು. ಅಕ್ಕ ಅದನ್ನು ಪೂರ್ತಿಯಾಗಿ ಎಳೆದು ತೆಗೆದು, “ಇದನ್ನು ನಾಯಿಗೆ ಹೊಲಿದಿಲ್ಲ ಕಣೋ, ಫೋಟೋಗೆ ಹೊಲಿದಿದ್ದಾರೆ” ಎಂದಳು. ಆ ಒಂದನ್ನು ಕಾರಿನ ತನಕ ಒಯ್ಯುವ ಪ್ರಮೇಯವೇ ಬರಲಿಲ್ಲ.

ಎರಡನೆಯದು ಭುಜಗಳ ನಡುವಿನಿಂದ ಎರಡು ಪಟ್ಟಿಗಳು ಇಳಿದು ಎದೆಮೂಳೆಯ ಮೇಲೆ ಕೂಡಿ, ಮುಂಗಾಲುಗಳ ನಡುವೆ ಹಿಂದಕ್ಕೆ ಹೋಗುವ ಬಗೆ. ಹಗುರ, ಒಳಗಡೆ ತೆಳುವಾದ ಮೆತ್ತೆ, ಬೆನ್ನಿನ ಮೇಲೊಂದು ಮತ್ತು ಎದೆಯ ಮೇಲೊಂದು ಉಂಗುರ. ಕಂಕುಳಿಗೂ ಪಟ್ಟಿಗೂ ನಡುವೆ ನಾಲ್ಕು ಬೆರಳಷ್ಟು ಜಾಗ ಉಳಿಯಿತು, ಪಟ್ಟಿಯ ಕೆಳಗೆ ಎರಡು ಬೆರಳು ಚಪ್ಪಟೆಯಾಗಿ ಹೋದವು, ಹಿಂದಕ್ಕೆ ಜಗ್ಗಿದರೂ ಜಾರಲಿಲ್ಲ. ಮೂರನೆಯದು ಇದೇ ವಿನ್ಯಾಸದ, ಆದರೆ ಮೂರು ಪಟ್ಟು ಭಾರವಾದದ್ದೆನಿಸುವ ಕಾರಿನ ಹಾರ್ನೆಸ್: ಕೈಯಗಲದ ಎದೆಕವಚ, ಕಾರಿನ ಬೆಲ್ಟಿನಷ್ಟೇ ದಪ್ಪನೆಯ ಪಟ್ಟಿ, ಲೋಹದ ಬಕಲ್‌ಗಳು, ಭಾರ ಬೀಳುವ ಕಡೆಯಲ್ಲೆಲ್ಲ ಒತ್ತೊತ್ತಾದ ಹೊಲಿಗೆ, ಬೆನ್ನಿನ ಮೇಲೆ ಸೀಟ್ ಬೆಲ್ಟ್ ತೂರಿಸುವ ಕುಣಿಕೆಗಳು, ಅವುಗಳಿಂದ ಬೇರೆಯಾಗಿ ಹಗ್ಗಕ್ಕೊಂದು ಉಂಗುರ. ತೊಡಿಸಿದ ಮೇಲೆ ಕೆಂಪಿ ಅಲ್ಲಾಡದೆ ನಿಂತುಬಿಟ್ಟಳು. ಹೊಸ ವಸ್ತು ಮೈಮೇಲೆ ಬಿದ್ದಾಗ ಹಲವು ನಾಯಿಗಳು ಹೀಗೆ ಮರಗಟ್ಟಿ ನಿಲ್ಲುತ್ತವೆ. ಅದನ್ನು ಒಪ್ಪಿಗೆ ಎಂದು ತಿಳಿಯಬಾರದು.

ಕಾರಿನೊಳಗಿನ ಪರೀಕ್ಷೆಯಲ್ಲಿಯೇ ಹೆಚ್ಚು ಹೊತ್ತು ಕಳೆಯಿತು. ಕಾರು ನಿಂತಿತ್ತು, ಎಂಜಿನ್ ಆರಿಸಿತ್ತು. ಮುಂದಿನ ಸೀಟಿನ ವಿಚಾರವನ್ನು ನಾವು ಎತ್ತಲೇ ಇಲ್ಲ, ಅಲ್ಲಿ ಏರ್‌ಬ್ಯಾಗ್ ಇದೆ. ಹಗುರವಾದ ಹಾರ್ನೆಸ್‌ನ ಜೊತೆ ಬಂದಿದ್ದ ತುಂಡುಪಟ್ಟಿಯ ಒಂದು ತುದಿ ಸೀಟ್ ಬೆಲ್ಟಿನ ಬಕಲ್‌ಗೆ ಕಚ್ಚಿಕೊಳ್ಳುತ್ತದೆ, ಇನ್ನೊಂದು ತುದಿಯ ಕೊಕ್ಕೆ ಬೆನ್ನಿನ ಉಂಗುರಕ್ಕೆ. ಪಟ್ಟಿಯನ್ನು ಉದ್ದ ಬಿಟ್ಟರೆ ಕೆಂಪಿ ಹಾಯಾಗಿ ತಿರುಗಿ, ಕಿಟಕಿ ನೋಡಿ, ಮಲಗಿದಳು. ಆದರೆ ಅಷ್ಟೇ ಉದ್ದದಲ್ಲಿ ಅವಳನ್ನು ಕೈಯಿಂದ ಮುಂದಕ್ಕೆ ಒಯ್ದಾಗ ಮೂತಿ ಮುಂದಿನ ಸೀಟಿನ ಬೆನ್ನಿಗೆ ತಾಗಿತು. ಪಟ್ಟಿ ಬಿಗಿಯಾಗುವ ಮೊದಲೇ ತಲೆ ಗುದ್ದುತ್ತದೆ ಎಂದರೆ ಆ ಪಟ್ಟಿಯ ಉಪಯೋಗವಾದರೂ ಏನು? ಗಿಡ್ಡ ಮಾಡಿದರೆ ಅಪಾಯ ಕಡಿಮೆ, ಆದರೆ ಆಗ ಮಲಗಲು ಆಗುವುದಿಲ್ಲ. ಬಾಗಿಲಿನಿಂದ ಬಾಗಿಲಿಗೆ ತಂತಿಯಂತೆ ಪಟ್ಟಿ ಎಳೆದು ನಾಯಿಯನ್ನು ಅದರುದ್ದಕ್ಕೂ ಓಡಾಡಲು ಬಿಡುವ ಏರ್ಪಾಡನ್ನೂ, ಹಿಗ್ಗುವ ಪಟ್ಟಿಗಳನ್ನೂ ಇದೇ ಕಾರಣಕ್ಕೆ ದೂರವಿಟ್ಟೆವು. ಇನ್ನೊಂದು ಸಂಗತಿಯೂ ಕಣ್ಣಿಗೆ ಬಿದ್ದಿತು: ಮಗ್ಗುಲು ಬದಲಿಸುವಾಗ ಕೆಂಪಿಯ ಕಾಲು ಬಕಲ್‌ನ ಕೆಂಪು ಗುಂಡಿಯ ಮೇಲೆಯೇ ಬಿದ್ದು ಪಟ್ಟಿ ಕಳಚಿಕೊಂಡಿತು.

ಭಾರದ ಹಾರ್ನೆಸ್‌ನಲ್ಲಿ ತುಂಡುಪಟ್ಟಿಯೇ ಇಲ್ಲ. ಕಾರಿನ ಬೆಲ್ಟನ್ನೇ ಬೆನ್ನಿನ ಕುಣಿಕೆಗಳ ಮೂಲಕ ತೂರಿಸಿ, ಬಕಲ್‌ಗೆ ಹಾಕಿ, ಸಡಿಲವನ್ನೆಲ್ಲ ಎಳೆದುಕೊಂಡರೆ ನಾಯಿ ಸೀಟಿನ ಬೆನ್ನಿಗೆ ಹತ್ತಿರವಾಗಿಯೇ ಉಳಿಯುತ್ತದೆ. ಕೂರಬಹುದು, ಮಲಗಬಹುದು, ಸುತ್ತು ತಿರುಗುವಂತಿಲ್ಲ. ತೂರಿಸುವುದಕ್ಕೆ ತಾಳ್ಮೆ ಬೇಕು. ಒಂದು ಮೊಣಕಾಲನ್ನು ಸೀಟಿನ ಮೇಲೂರಿ, ಒಂದು ಕೈಯಿಂದ ನಾಯಿಯನ್ನು ತಡೆದು, ಇನ್ನೊಂದು ಕೈಯಿಂದ ಬೆಲ್ಟ್ ತೂರಿಸುವಷ್ಟರಲ್ಲಿ ಕೆಂಪಿ ನನ್ನ ಕಿವಿಯನ್ನು ನೆಕ್ಕಿ ಮುಗಿಸಿದ್ದಳು. ಆದರೆ ಮುಂದಕ್ಕೆ ಒಯ್ದು ನೋಡಿದಾಗ ಭಾರ ಎದೆಕವಚದ ಮೇಲೆ ಹರಡಿತು, ಕತ್ತಿಗೆ ಏನೂ ತಾಗಲಿಲ್ಲ. ಕೈಯಿಂದ ಒಯ್ಯುವುದು ಅಪಘಾತದ ಪರೀಕ್ಷೆಯಲ್ಲ ನಿಜ. ಪಟ್ಟಿಗಳು ಎತ್ತ ಸರಿಯುತ್ತವೆ, ಯಾವುದು ಮೊದಲು ಬಿಗಿಯಾಗುತ್ತದೆ ಎಂಬುದನ್ನಾದರೂ ಅದು ಹೇಳುತ್ತದೆ.

ಸಂಜೆ ರಸ್ತೆಯಲ್ಲಿ ಪಾತ್ರಗಳು ಅದಲುಬದಲಾದವು. ಹಗುರವಾದದ್ದರಲ್ಲಿ ಕೆಂಪಿಯ ಓಟ ಎಂದಿನಂತೆಯೇ ಇತ್ತು. ಎದೆಯ ಉಂಗುರಕ್ಕೆ ಹಗ್ಗ ಹಾಕಿದಾಗ ಎಳೆದರೆ ಮೈ ನನ್ನ ಕಡೆಗೇ ತಿರುಗುತ್ತಿದ್ದುದರಿಂದ ಎಳೆತ ತಗ್ಗಿತು. ಭಾರವಾದದ್ದರಲ್ಲಿ ಹೆಜ್ಜೆಗಳು ಗಿಡ್ಡವಾದವು, ಸ್ವಲ್ಪ ಹೊತ್ತಿನಲ್ಲಿಯೇ ನಾಲಿಗೆ ಹೊರಬಂದಿತು. ಕವಚದ ಕೆಳಗೆ ಕೈ ಹಾಕಿದರೆ ಬಿಸಿ. ಭುಜವನ್ನು ಬಿಟ್ಟು ಹಾಯುವ ಹಾರ್ನೆಸ್ ಚಲನೆಯನ್ನು ತಡೆಯುವುದೇ ಇಲ್ಲ ಎಂಬ ಮಾತನ್ನು ಎಲ್ಲರೂ ಹೇಳುತ್ತಾರೆ. 2019ರಲ್ಲಿ ವೆಟರಿನರಿ ರೆಕಾರ್ಡ್ ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನದ ಫಲ ಅಷ್ಟು ನೇರವಾಗಿಲ್ಲ: ಎದೆಗೆ ಅಡ್ಡವಾಗಿ ಪಟ್ಟಿ ಹಾಯುವ ಬಗೆಯೂ, ಭುಜವನ್ನು ಬಿಟ್ಟು ಹಾಯುವ 'ತಡೆಯದ' ಬಗೆಯೂ ಭುಜದ ಚಾಚುವಿಕೆಯನ್ನು ತಗ್ಗಿಸಿದ್ದವು, 'ತಡೆಯದ' ಬಗೆಯೇ ಹೆಚ್ಚು ತಗ್ಗಿಸಿತ್ತು. ಪರೀಕ್ಷೆಗೆ ಒಳಪಟ್ಟಿದ್ದು ಒಂಬತ್ತೇ ನಾಯಿಗಳು, ಆದ್ದರಿಂದ ಅದನ್ನೇ ಕೊನೆಯ ಮಾತೆನ್ನಲಾಗದು. ಆದರೂ ವಿನ್ಯಾಸದ ಹೆಸರನ್ನು ನಂಬುವುದಕ್ಕಿಂತ ನಮ್ಮ ನಾಯಿಯ ಹೆಜ್ಜೆಯನ್ನು ಪಕ್ಕದಿಂದ ನೋಡುವುದೇ ಮೇಲು ಎಂದು ನನಗನ್ನಿಸಿತು.

ಇಷ್ಟಾದ ಮೇಲೆ ಕಾರಿಗೊಂದು, ನಡಿಗೆಗೊಂದು ಎಂದು ಎರಡನ್ನು ಇಟ್ಟುಕೊಳ್ಳುವುದೇ ಸರಳ ಉತ್ತರವಾಗಿ ಕಂಡಿತು. ಅದನ್ನು ಪ್ರಶ್ನಿಸಿದವಳು ಅಕ್ಕ. “ದಾರಿಯಲ್ಲಿ ನಿಲ್ಲಿಸಿದಾಗ ಎಲ್ಲಿ ಬದಲಾಯಿಸ್ತೀಯ?” ಎಂದು ಕೇಳಿದಳು. ಇಡೀ ವಿಚಾರದ ಗಂಟು ಇದ್ದದ್ದು ಅಲ್ಲಿಯೇ. ದೂರದ ಪ್ರಯಾಣದಲ್ಲಿ ನಾಯಿಯನ್ನು ನಡುನಡುವೆ ಇಳಿಸಲೇಬೇಕು. ಲಾರಿಗಳು ಹಾದುಹೋಗುವ ಹೆದ್ದಾರಿಯ ಬದಿಯಲ್ಲಿ, ಬಾಗಿಲು ತೆರೆದಿರುವಾಗ, ಅಪರಿಚಿತ ವಾಸನೆಗಳಿಗೆ ಮೂಗೆತ್ತಿ ಕಾತರಿಸುತ್ತಿರುವ ನಾಯಿಯ ಮೈಯಿಂದ ಒಂದು ಹಾರ್ನೆಸ್ ಬಿಚ್ಚಿ ಇನ್ನೊಂದನ್ನು ತೊಡಿಸುವ ಆ ಅರೆನಿಮಿಷದಲ್ಲಿ ಅದನ್ನು ಹಿಡಿದಿರುವುದು ಬರಿಯ ಕೈ. ಎರಡು ಕೆಲಸವನ್ನೂ ಮಾಡುವ ಹಾರ್ನೆಸ್ ಬೇಕಾಗುವುದು ಹಣ ಉಳಿಸಲಿಕ್ಕಲ್ಲ, ಈ ಅರೆನಿಮಿಷಕ್ಕಾಗಿ. ಹಾಗೆ ನೋಡಿದರೆ ಅದು ನಡಿಗೆಗೆ ಅತ್ಯುತ್ತಮವಾಗಿರಬೇಕಿಲ್ಲ. ಪ್ರಯಾಣದ ನಡುವಿನ ಹತ್ತು ಹದಿನೈದು ನಿಮಿಷದ ನಡಿಗೆಗೆ ಸಹನೀಯವಾಗಿದ್ದರೆ ಸಾಕು. ಕಾರಿನ ಕೆಲಸದಲ್ಲಿ ಮಾತ್ರ ರಿಯಾಯಿತಿ ಇಲ್ಲ.

ಭಾರದ ಹಾರ್ನೆಸ್ ಉಳಿಯಿತು, ಪ್ರಯಾಣದ ದಿನಗಳಿಗೆ. ಹಗುರವಾದದ್ದೂ ಉಳಿಯಿತು, ಪ್ರತಿದಿನದ ನಡಿಗೆಗೆ. ಭಾರದ್ದನ್ನು ದಿನವೂ ಬಳಸದಿರಲು ಇನ್ನೊಂದು ಕಾರಣವೂ ಇದೆ. ನೈಲಾನ್ ಪಟ್ಟಿ ಬಿಸಿಲಿಗೆ ಸೊರಗುತ್ತದೆ, ಕೆಸರು ಮರಳುಗಳು ನೂಲನ್ನು ತಿನ್ನುತ್ತವೆ. ಅಪಘಾತದ ದಿನ ಪೂರ್ತಿ ಬಲ ಕೊಡಬೇಕಾದ ಹೊಲಿಗೆಯನ್ನು ಬೆಕ್ಕುಗಳ ಹಿಂದೆ ಓಡುವುದರಲ್ಲಿ ಸವೆಸುವುದು ಬೇಡ. ಒಮ್ಮೆ ನಿಜವಾದ ಅಪಘಾತವನ್ನು ತಡೆದುಕೊಂಡ ಹಾರ್ನೆಸ್ಸನ್ನು, ಹೊರಗೆ ಏನೂ ಕಾಣದಿದ್ದರೂ, ಮತ್ತೆ ಬಳಸುವಂತಿಲ್ಲ.

ಹೊರಡುವ ಮೊದಲು ಮನೆಯೊಳಗೆ ಹಾರ್ನೆಸ್ ತೊಡಿಸಿ ತಿಂಡಿ ಕೊಡುವುದನ್ನು ಕೆಲಕಾಲ ರೂಢಿ ಮಾಡಿಸಿದ್ದರಿಂದ ಕೆಂಪಿ ಈಗ ಅದನ್ನು ಕಂಡರೆ ಮರಗಟ್ಟುವುದಿಲ್ಲ. ದಾರಿಯಲ್ಲಿ ನಿಲ್ಲಿಸಿದಾಗ ಒಂದೇ ಕ್ರಮ: ಬಾಗಿಲು ಮುಚ್ಚಿರುವಾಗಲೇ ಹಿಂದಿನ ಸೀಟಿನಲ್ಲಿ ಕುಳಿತವರು ಹಗ್ಗವನ್ನು ಉಂಗುರಕ್ಕೆ ಹಾಕಿ ತುದಿಯನ್ನು ಮಣಿಕಟ್ಟಿಗೆ ಸುತ್ತಿಕೊಳ್ಳಬೇಕು, ಆಮೇಲೆ ಬೆಲ್ಟ್ ಬಿಚ್ಚಬೇಕು, ಅದಾದ ಮೇಲಷ್ಟೇ ಬಾಗಿಲು. ಹಿಂದಿನ ಸೀಟಿನಲ್ಲಿ ಯಾರೂ ಇಲ್ಲದ ದಿನ ಈ ಕ್ರಮ ಸ್ವಲ್ಪ ತೊಡಕಾಗುತ್ತದೆ. ಮುಂದಿನ ಎರಡು ಸೀಟುಗಳ ನಡುವಿನಿಂದ ಕೈ ಚಾಚಬೇಕಾಗುತ್ತದೆ, ಅದಕ್ಕೆ ಉದ್ದ ಕೈಗಳಿರುವ ನಾನೇ ಆಗಬೇಕು.