ಯಾವ ಲಾಜನೆಸ್?

ಬಾಸ್ಟನ್‌ನಿಂದ ಕೆನಡಾದ ಫ್ರೆಂಚ್ ಮಾತಾಡುವ ಕ್ವಿಬೆಕ್ ನಗರಕ್ಕೆ ಕಾರಿನಲ್ಲಿ ಆರೇಳು ಗಂಟೆ ದಾರಿ. ಪಕ್ಕದ ಮನೆಯ ಅಜ್ಜಿ ತಮ್ಮ ಹಿರಿಯರನ್ನು ಹುಡುಕಲು ಹಿಂದಿನ ಸೀಟಿನ ತುಂಬ ಫೈಲು ಹರಡಿಕೊಂಡು ಹೊರಟಿದ್ದರು. ಅವರ ಮನೆತನದ ಹೆಸರು ಯಂಗ್. ಅಪ್ಪಟ ಇಂಗ್ಲಿಷ್ ಹೆಸರು, ಅಲ್ವಾ? ಆದರೆ ಅವರ ಅಜ್ಜ ಲೋವೆಲ್ ಊರಿನ ಬಟ್ಟೆ ಗಿರಣಿಗೆ ಬಂದಾಗ ಲಾಜನೆಸ್ ಆಗಿದ್ದರು. 1840ರಿಂದ 1930ರ ಒಳಗೆ ಹೀಗೆ ಸುಮಾರು 9 ಲಕ್ಷ ಜನ ಕ್ವಿಬೆಕ್ ಕಡೆಯಿಂದ ಅಮೆರಿಕಕ್ಕೆ ಬಂದರು. ಇಲ್ಲಿಗೆ ಬಂದ ಮೇಲೆ ಫ್ರೆಂಚ್ ಹೆಸರನ್ನು ಇಂಗ್ಲಿಷಿಗೆ ತಿರುಗಿಸಿಕೊಂಡು ಎಷ್ಟೋ ಲೆಬ್ಲಾಂಗಳು ವೈಟ್ ಆದರು, ಬ್ವಾವೆರ್‌ಗಳು ಗ್ರೀನ್‌ವುಡ್ ಆದರು.

ಪತ್ರಾಗಾರದಲ್ಲಿ ಕೂತಿದ್ದ ಹೆಂಗಸು ಲಾಜನೆಸ್ ಅಂದ ಕೂಡಲೇ ನಕ್ಕರು. “ಯಾವ ಲಾಜನೆಸ್?”

ಇದಕ್ಕೆ ಕಾರಣ 1665ರಲ್ಲಿ, ಕ್ವಿಬೆಕ್ ಇನ್ನೂ ಫ್ರೆಂಚರ ಕೈಯಲ್ಲಿದ್ದಾಗ, ಫ್ರಾನ್ಸಿನಿಂದ ಬಂದಿಳಿದ ಕಾರಿನ್ಯಾನ್-ಸಾಲಿಯೇರ್ ಪಡೆ ಮತ್ತು ಆಮೇಲೆ ಬಂದ ಸಿಪಾಯಿಗಳು. ದಂಡಿನಲ್ಲಿ ಒಬ್ಬೊಬ್ಬನಿಗೂ ಒಂದು ಅಡ್ಡಹೆಸರು. ಲಾಫ್ಲೋರ್ ಅಂದರೆ ಹೂವು, ಸಾನ್‌ಸೂಸಿ ಅಂದರೆ ಚಿಂತೆಯಿಲ್ಲದವನು, ಲಾಜನೆಸ್ ಅಂದರೆ ಯೌವನ. ನಮ್ಮ ಹುಬ್ಬಳ್ಳಿ ಕಡೆ ಮೆಣಸಿನಕಾಯಿ, ಉಳ್ಳಾಗಡ್ಡಿ ಅಂತ ಮನೆತನಗಳಿಲ್ವಾ, ಹಾಗೆ. ಆ ಪಡೆಯ ಸುಮಾರು 1,200 ಸಿಪಾಯಿಗಳಲ್ಲಿ 400 ಜನ ಅಲ್ಲೇ ಜಮೀನು ಮಾಡಿ ನಿಂತರು. ಪಾದ್ರಿಗಳು ಹಳೇ ಹೆಸರಿನ ಮುಂದೆ ‘ದಿ’ ಅಂತ ಸೇರಿಸಿ ಅಡ್ಡಹೆಸರನ್ನೂ ಬರೆದರು, ನಮ್ಮ ಪಹಣಿಯ ‘ಉರುಫ್’ ಥರ. ಮಕ್ಕಳ ಕಾಲಕ್ಕೆ ಒಬ್ಬ ಮಗ ಹಳೇ ಹೆಸರು ಹಿಡಿದರೆ, ಇನ್ನೊಬ್ಬ ಅಡ್ಡಹೆಸರನ್ನೇ ಮನೆತನದ ಹೆಸರು ಮಾಡಿಕೊಂಡ. ಸಂಬಂಧವೇ ಇಲ್ಲದ ಎಷ್ಟೋ ಮನೆಗಳು ಹೀಗೆ ಲಾಜನೆಸ್ ಆಗಿ ಕೂತಿವೆ.

“ಗಂಡಸನ್ನು ಬಿಡಿ, ಹೆಂಡತಿ ಹೆಸರು ಹೇಳಿ,” ಅಂದರು ಆಕೆ.

ಗುಟ್ಟು ಇದ್ದದ್ದೇ ಅಲ್ಲಿ. ಫ್ರೆಂಚ್ ಕಾಲದ ಚರ್ಚ್ ದಾಖಲೆಗಳಲ್ಲಿ ಹೆಣ್ಣಿಗೆ ಕೊನೆವರೆಗೂ ತವರಿನ ಹೆಸರೇ. ಮದುವೆ, ಮಕ್ಕಳ ದೀಕ್ಷಾಸ್ನಾನ, ಕೊನೆಗೆ ಮಣ್ಣು ಮಾಡಿದಾಗಲೂ. ಮದುವೆ ಪುಟದಲ್ಲಿ ಎರಡೂ ಕಡೆಯ ಅಪ್ಪ ಅಮ್ಮಂದಿರ ಹೆಸರೂ ಇರುತ್ತದೆ. (1981ರಿಂದ ಕ್ವಿಬೆಕ್ ಕಾನೂನೇ ಮದುವೆಯಾದವಳು ಹುಟ್ಟಿನ ಹೆಸರು ಉಳಿಸಿಕೊಳ್ಳಬೇಕು ಅನ್ನುತ್ತದೆ. ನನ್ನ ಪಾಸ್‌ಪೋರ್ಟಿಗೆ ಗಂಡನ ಹೆಸರು ಹಾಕಿಸಲು ಅಲೆದಾಡಿದ್ದು ನೆನೆದು ಹೊಟ್ಟೆ ಉರಿಯಿತು.)

ಅಜ್ಜಿಯ ಹತ್ತಿರ ಅವರ ಮುತ್ತಜ್ಜಿಯ ಪ್ರಾರ್ಥನೆ ಪುಸ್ತಕ ಇತ್ತು. ಅದರ ಮೊದಲ ಹಾಳೆಯಲ್ಲಿ ತವರಿನ ಹೆಸರು. ಅದನ್ನು ಹಿಡಿದು ಹುಡುಕಿದರೆ ಮದುವೆ ಪುಟ ಸಿಕ್ಕೇಬಿಟ್ಟಿತು. ಅಲ್ಲಿಂದ ಅತ್ತೆ, ಆ ಅತ್ತೆಯ ಅತ್ತೆ, ಹೀಗೆ ಒಂದೊಂದೇ ಮದುವೆ ಹಿಂದಕ್ಕೆ. ಸ್ಕ್ರೀನಿನ ಮೇಲೆ ಕಂದು ಶಾಯಿ, ಓರೆ ಅಕ್ಷರ. ಎಷ್ಟೋ ಪುಟಗಳ ಕೆಳಗೆ ಒಂದೇ ಸಾಲು: ಗಂಡು ಹೆಣ್ಣು ಇಬ್ಬರಿಗೂ ಸಹಿ ಮಾಡಲು ಬರುವುದಿಲ್ಲ ಎಂದರು. ನಾಲ್ಕು ತಲೆಮಾರು ದಾಟುವಷ್ಟರಲ್ಲಿ ಲಾಜನೆಸ್ ಮಾಯ. ಉಳಿದದ್ದು ಅಜ್ಜಿ ಕಿವಿಯಲ್ಲೂ ಕೇಳಿರದ ಬೇರೊಂದು ಹೆಸರು.

ಮರುದಿನ ಕ್ವಿಬೆಕ್ ನಗರದ ಪಕ್ಕ ನದಿಯಲ್ಲಿರುವ ಓರ್ಲೆಯಾಂ ದ್ವೀಪಕ್ಕೆ ಹೋದೆವು. 1935ರಲ್ಲಿ ಸೇತುವೆ ಆಗುವವರೆಗೆ ದೋಣಿಯೇ ಗತಿ, ಚಳಿಗಾಲದಲ್ಲಿ ಹೆಪ್ಪುಗಟ್ಟಿದ ನದಿ. ಸಾಂತ್-ಫಾಮಿಯ್ ಊರಿನ ಚರ್ಚಿಗೆ ಮೂರು ಗೋಪುರ. ಪಕ್ಕದಲ್ಲೇ ಹಿರಿಯರ ವಂಶಾವಳಿ ಹುಡುಕಿಕೊಡುವ ಮನೆ. ಹಳೇ ದಾಖಲೆಗಳಲ್ಲಿ ಹುಡುಗಿಯರೆಲ್ಲ ಮರೀ (ನಮ್ಮ ಮೇರಿ), ಹುಡುಗರೆಲ್ಲ ಜೋಸೆಫ್. ಅದರ ಮುಂದೆ ಇನ್ನೊಂದೆರಡು ಹೆಸರು, ಅದರಲ್ಲೊಂದು ಕರೆಯುವುದು. ಹೊರಗೆ ದಾರಿಬದಿ ಮಾರುತ್ತಿದ್ದ ಸ್ಟ್ರಾಬೆರಿ ಸಖತ್ತಾಗಿತ್ತು, ಎರಡು ಬುಟ್ಟಿ ಖಾಲಿ ಮಾಡಿದೆವು.

ಈಗ ಅಜ್ಜಿಗೆ ತಾಯಿ ಕಡೆಯ ಹಿರಿಯರು ಬೇಕಂತೆ. ಅವರು ಅಕಾಡಿಯಾದವರು, ಅಂದರೆ ಈಗಿನ ನೋವಾ ಸ್ಕೋಷಿಯಾ ಕಡೆ ನೆಲೆಸಿದ್ದ ಫ್ರೆಂಚರು. 1755ರಲ್ಲಿ ಇಂಗ್ಲಿಷರು ಅವರನ್ನು ಊರು ಬಿಡಿಸಿ ಓಡಿಸಿದಾಗ ದಾಖಲೆಗಳೂ ಚೆಲ್ಲಾಪಿಲ್ಲಿ. ಅಲ್ಲಿನ ಗ್ರಾಂ-ಪ್ರೇ ಊರಿನ ಚರ್ಚಿನ ಪುಸ್ತಕ ಅಮೆರಿಕದ ಲೂಸಿಯಾನ ಸೇರಿದೆ. ಅಂದರೆ ನೋವಾ ಸ್ಕೋಷಿಯಾದ ಹಿರಿಯರನ್ನು ಹುಡುಕಲು ದಕ್ಷಿಣದ ಬ್ಯಾಟನ್ ರೂಜ್‌ಗೆ ಹೋಗಬೇಕು. ಕಾರು ನಾನೇ ಓಡಿಸಬೇಕು ಅಂತ ಆಗಲೇ ತೀರ್ಮಾನವಾಗಿದೆ.