ಬೀಟಿನ ಸಕ್ಕರೆಯ ಅಚ್ಚು

ಕ್ಯಾಲೆಂಡರಿನಲ್ಲಿ ಸಂಕ್ರಾಂತಿಗೆ ಒಂದೇ ಚೌಕವಿದ್ದರೂ ಹಳೆ ಮೈಸೂರಿನ ಕಡೆಯ ಮನೆಗಳಲ್ಲಿ ಅದು ಕಡಿಮೆಯೆಂದರೂ ಮೂರು ವಾರಗಳ ಕೈಕೆಲಸ. ಕೊಬ್ಬರಿಯ ಬೆನ್ನು ಹೆರೆಯಬೇಕು, ಬೆಲ್ಲ ಕತ್ತರಿಸಬೇಕು, ಎರಡನ್ನೂ ಬಿಸಿಲಿಗೆ ಹರವಿ ಕಾಗೆಗಳಿಂದ ಕಾಯಬೇಕು, ಕಡಲೆಕಾಯಿ ಬೀಜ ಹುರಿದು ಸಿಪ್ಪೆ ಕೇರಬೇಕು, ಸಕ್ಕರೆ ಅಚ್ಚು ಹೊಯ್ಯಬೇಕು. ನಾನು ಬೆಳೆದದ್ದು ಮೈಸೂರಿನ ಚಾಮರಾಜಪುರಂನಲ್ಲಿ. ತಾರಸಿಯ ಮೇಲೆ ಕಾವಲು ಕೂರಿಸಿದರೆ ಅರ್ಧ ಕೊಬ್ಬರಿ ಮಾಯವಾಗುತ್ತಿತ್ತೆಂದೂ ಆ ಕಾಗೆ ನಾನೇ ಎಂದೂ ಅಮ್ಮ ಇಂದಿಗೂ ಹೇಳುತ್ತಾರೆ.

ಅಮೆರಿಕದ ಮಿನಿಯಾಪೊಲಿಸ್ ನಗರದ ಹೊರವಲಯಕ್ಕೆ ಬಂದು ನೆಲೆಸಿದ ಮೇಲೆ ಈ ಕೆಲಸವೆಲ್ಲ ಕೈಬಿಟ್ಟುಹೋಗಿತ್ತು. ಇಂಡಿಯನ್ ಅಂಗಡಿಯಲ್ಲಿ ಸಿಗುವ ಎಳ್ಳುಬೆಲ್ಲದ ಪೊಟ್ಟಣ ತಂದು ದೇವರ ಮುಂದಿಟ್ಟು, ನಾಲ್ಕು ಮನೆಗೆ ಬೀರಿ ಬಂದರೆ ನಮ್ಮ ಸಂಕ್ರಾಂತಿ ಮುಗಿಯುತ್ತಿತ್ತು. 2023ರ ಅಕ್ಟೋಬರಿನಲ್ಲಿ ಆರು ತಿಂಗಳ ಮಟ್ಟಿಗೆ ಮಂಡ್ಯದಿಂದ ಬಂದ ನಮ್ಮ ಅತ್ತೆಯವರು, ಹಿಂದಿನ ವರ್ಷದ್ದೊಂದು ಪೊಟ್ಟಣ ಅಡುಗೆಮನೆಯ ಕಪಾಟಿನಲ್ಲಿ ಸಿಕ್ಕಾಗ ಅದನ್ನು ತಟ್ಟೆಗೆ ಸುರಿದು, ಬೆರಳಿನಿಂದ ಸರಿಸಿ ನೋಡಿ, "ಇದರಲ್ಲಿ ಎಳ್ಳೆಲ್ಲಿದೆಯಮ್ಮ? ಬರೀ ಹುರಿಗಡಲೆ" ಎಂದರು. ಅವರು ಹೇಳಿದ್ದು ನಿಜವೇ ಆಗಿತ್ತು; ಐದು ಪದಾರ್ಥಗಳಲ್ಲಿ ಯಾವುದು ಅಗ್ಗವೋ ಅದೇ ಪೊಟ್ಟಣದ ತುಂಬ ಇರುತ್ತದೆ. ಮಾತು ಅಲ್ಲಿಗೇ ನಿಲ್ಲಲಿಲ್ಲ. ತಮ್ಮ ಪೆಟ್ಟಿಗೆಯ ತಳದಿಂದ ಹಳೆಯ ಸೀರೆಯಲ್ಲಿ ಸುತ್ತಿದ ಒಂದು ಅಡಕತ್ತರಿಯನ್ನೂ, ಅವರ ಅತ್ತೆಯ ಕಾಲದ ಆರು ಜೊತೆ ತೇಗದ ಅಚ್ಚಿನ ಮರಗಳನ್ನೂ ತೆಗೆದು ಮೇಜಿನ ಮೇಲಿಟ್ಟರು. ಗಿಳಿ, ಹುಂಜ, ಆನೆ, ಮೀನು, ತುಳಸಿಕಟ್ಟೆ, ಗೋಪುರ. ಬರುವಾಗಲೇ ಅವರು ಮನಸ್ಸು ಮಾಡಿಕೊಂಡು ಬಂದಿದ್ದರೆಂಬುದು ನನಗೆ ತಿಳಿದದ್ದು ಆಗ.

ಡಿಸೆಂಬರಿನ ಕೊನೆಯ ವಾರ ಮಕ್ಕಳಿಗೆ ರಜೆ ಸಿಕ್ಕಿದ ದಿನವೇ ಊಟದ ಮೇಜಿನ ಮೇಲೆ ಹಳೆಯ ಪಂಚೆ ಹಾಸಿ ಕೊಬ್ಬರಿ ಹೆರೆಯಲು ಕುಳಿತೆವು. ಮೂವತ್ತು ಮನೆಗೆ ಬೀರುವ ಲೆಕ್ಕದಲ್ಲಿ ಎರಡು ಕಿಲೋ ಕೊಬ್ಬರಿ, ಎರಡು ಕಿಲೋ ಬೆಲ್ಲ. ಅತ್ತೆ ಅಡಕತ್ತರಿಯಲ್ಲಿ ಕೊಬ್ಬರಿಯನ್ನು ಒಂದೇ ಅಳತೆಯ ಸಣ್ಣ ಹೋಳುಗಳಾಗಿ ಕತ್ತರಿಸುವಾಗ ಕೈಯತ್ತ ನೋಡುತ್ತಲೂ ಇರಲಿಲ್ಲ. ನಾನು ನೋಡಿಕೊಂಡೇ ಕತ್ತರಿಸಿದರೂ ನನ್ನ ಹೋಳುಗಳು ಒಂದು ತ್ರಿಕೋನ, ಒಂದು ಚೂರು, ಒಂದು ಪುಡಿ. ಹತ್ತು ವರ್ಷದ ಮಗಳು ಎರಡನೆಯ ದಿನದ ಹೊತ್ತಿಗೆ ನನ್ನನ್ನು ಮೀರಿಸಿದಳು.

ತೊಂದರೆ ಕೊಟ್ಟದ್ದು ಬೆಲ್ಲ. ಇಲ್ಲಿ ಸಿಗುವ ಬೆಲ್ಲ ಮೆತ್ತಗೆ, ಸ್ವಲ್ಪ ಜಿಗುಟು. ಮಂಡ್ಯದ ಅಚ್ಚುಬೆಲ್ಲದಂತೆ ಕತ್ತರಿಗೆ ಠಣ್ಣನೆ ಒಡೆಯುವುದಿಲ್ಲ. ಬಿಸಿಲಿಗಿಡೋಣವೆಂದರೆ ಮಿನಿಯಾಪೊಲಿಸ್ಸಿನ ಜನವರಿಯಲ್ಲಿ ಸೂರ್ಯ ಹುಟ್ಟುವುದೇ ಏಳೂ ಮುಕ್ಕಾಲರ ಸುಮಾರಿಗೆ, ಮುಳುಗುವುದು ಐದಕ್ಕೂ ಮುಂಚೆ. ನಡುವೆ ಕಾಣುವ ಬಿಸಿಲಿಗೆ ಬೆಳಕುಂಟೇ ಹೊರತು ಕಾವಿಲ್ಲ. ಆದರೆ ಈ ಮನೆಗಳಿಗೊಂದು ಗುಣವಿದೆ. ಚಳಿಗಾಲದ ಹೊರಗಿನ ಗಾಳಿಯಲ್ಲಿ ನೀರಿನಂಶ ತೀರ ಕಡಿಮೆ. ಅದೇ ಗಾಳಿ ಒಳಗೆ ಬಂದು ಇಪ್ಪತ್ತು ಡಿಗ್ರಿಗೆ ಕಾದಾಗ ಸಿಕ್ಕಿದ್ದರಿಂದೆಲ್ಲ ತೇವವನ್ನು ಹೀರುವಷ್ಟು ಒಣಗಿರುತ್ತದೆ. ತುಟಿ ಬಿರಿಯುತ್ತದೆ, ಮಕ್ಕಳ ಮೂಗಿನಲ್ಲಿ ರಕ್ತ ಬರುತ್ತದೆ, ಅದಕ್ಕಾಗಿಯೇ ಮನೆಮನೆಯಲ್ಲೂ ಗಾಳಿಗೆ ತೇವ ಬೆರೆಸುವ ಹ್ಯುಮಿಡಿಫೈಯರ್ ಇರುತ್ತದೆ. ನಾವು ಅದನ್ನು ನಿಲ್ಲಿಸಿದೆವು. ಯಜಮಾನರು ಕಿಟಕಿಯ ಹಳೆಯ ಸೊಳ್ಳೆಪರದೆಯ ಜಾಲರಿಯನ್ನು ನಾಲ್ಕು ಮರದ ಪಟ್ಟಿಗಳಿಗೆ ಬಿಗಿದು ಮೂರು ಚೌಕಟ್ಟು ಮಾಡಿಕೊಟ್ಟರು. ಅದರ ಮೇಲೆ ಬಿಳಿ ಬಟ್ಟೆ ಹಾಸಿ ಬೆಲ್ಲದ ಹೋಳುಗಳನ್ನು ಹರವಿ, ನೆಲದಲ್ಲಿರುವ ಬಿಸಿಗಾಳಿಯ ಕಿಂಡಿಗೆ ನಾಲ್ಕಡಿ ದೂರದಲ್ಲಿಟ್ಟರೆ ಎರಡೇ ದಿನದಲ್ಲಿ ಬೆಲ್ಲ ಗರಿಗರಿಯಾಯಿತು. ಕಾಗೆಗಳ ಕಾಟವಂತೂ ಇರಲೇ ಇಲ್ಲ, ನಾಲ್ಕು ವರ್ಷದ ಮಗನೊಬ್ಬನನ್ನು ಬಿಟ್ಟರೆ. ಅತ್ತೆ ಒಂದು ಹೋಳನ್ನು ಹಲ್ಲಿನಲ್ಲಿ ಕಡಿದು, ಮೈಸೂರಿನ ತಾರಸಿಗಿಂತ ಇದೇ ವಾಸಿಯೆಂದು ಒಪ್ಪಿಕೊಂಡರು. ಅವರ ಹಿಮ್ಮಡಿಗಳು ಮಾತ್ರ ಮಾರ್ಚಿಯವರೆಗೂ ಒಡೆದೇ ಇದ್ದವು.

ಎಳ್ಳು ಹುರಿಯುವಾಗ ಸ್ಮೋಕ್ ಅಲಾರಂ ಎರಡು ಸಲ ಕೂಗಿತು. ಕಡಲೆಕಾಯಿ ಬೀಜದ ಸಿಪ್ಪೆ ಕೇರಲು ಮೊರವಿರಲಿಲ್ಲವಾದ್ದರಿಂದ ಅತ್ತೆ ದೊಡ್ಡ ಹರಿವಾಣ ಹಿಡಿದು, ಸ್ವೆಟರಿನ ಮೇಲೆ ಯಜಮಾನರ ದಪ್ಪ ಕೋಟು ಹಾಕಿಕೊಂಡು, ಗ್ಯಾರೇಜಿನ ಬಾಗಿಲನ್ನು ಅರ್ಧ ಎತ್ತಿಸಿ ನಿಂತರು. ಆ ಚಳಿಗಾಲದಲ್ಲಿ ಅಪರೂಪಕ್ಕೆಂಬಂತೆ ಹಿಮವೇ ಸರಿಯಾಗಿ ಬಿದ್ದಿರಲಿಲ್ಲ. ಒಣಗಿದ ಹುಲ್ಲಿನ ಮೇಲೆ ಕೆಂಪು ಸಿಪ್ಪೆ ಹಾರಿ ಹಾರಿ ಪಕ್ಕದ ಮನೆಯ ಅಂಗಳಕ್ಕೂ ಹೋಯಿತು. ಅದೇನೆಂದು ಕೇಳಲು ಬಂದ ಪಕ್ಕದ ಮನೆಯ ಅಜ್ಜನಿಗೆ ಒಂದು ಬೊಗಸೆ ಬೀಜ ಸಿಕ್ಕಿತು.

ಬೆಲ್ಲಕ್ಕೆ ಒಳ್ಳೆಯದು ಮಾಡಿದ ಒಣಗಾಳಿಯೇ ಅಚ್ಚಿನ ಮರಗಳಿಗೆ ಮುಳುವಾಯಿತು. ಸಕ್ಕರೆ ಅಂಟದಿರಲೆಂದು ಅಚ್ಚಿನ ಮರಗಳನ್ನು ಹಿಂದಿನ ರಾತ್ರಿಯೇ ನೀರಿನಲ್ಲಿ ನೆನೆಹಾಕುವುದು ಪದ್ಧತಿ. ಕ್ರಿಸ್‌ಮಸ್ ಮರುದಿನ ಒಂದು ಸರತಿ ಹೊಯ್ದು ನೋಡಿ, ಮರಗಳನ್ನು ತೊಳೆದು, ಬೇಗ ಒಣಗಲೆಂದು ನಾನೇ ಅವುಗಳನ್ನು ಬಿಸಿಗಾಳಿಯ ಕಿಂಡಿಯ ಮೇಲೆ ಸಾಲಾಗಿ ಜೋಡಿಸಿ ಮಲಗಿದೆ. ಬೆಳಿಗ್ಗೆ ನೋಡುವಾಗ ಗಿಳಿಯ ಮರ ಕೊಕ್ಕಿನಿಂದ ಬಾಲದವರೆಗೆ ಸೀಳಿತ್ತು, ಮೀನಿನದು ಬಿಲ್ಲಿನಂತೆ ಬಾಗಿ ಎರಡು ಹೋಳು ಒಂದಕ್ಕೊಂದು ಕೂರುತ್ತಿರಲಿಲ್ಲ. ಅತ್ತೆಯವರು ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಹಗುರಾಗುತ್ತಿತ್ತು. ತಿನ್ನುವ ಪದಾರ್ಥ ಹೊಯ್ಯುವ ಮರಕ್ಕೆ ಅಂಟು ಹಾಕುವುದು ಬೇಡವೆಂದು ತೀರ್ಮಾನಿಸಿ ಗಿಳಿಯನ್ನು ದಾರದಿಂದ ಬಿಗಿದೆವು. ಪಾಕ ಸೀಳಿನಲ್ಲಿ ಸೋರಿ ಗಿಳಿಯ ಹೊಟ್ಟೆಯ ಮೇಲೆ ಬೆಲ್ಟು ಕಟ್ಟಿದಂತೆ ಗೆರೆ ಮೂಡಿತು.

ನಮ್ಮ ಯಜಮಾನರಿಗೆ ಮರಗೆಲಸದ ಹವ್ಯಾಸವಿದೆ. ಈ ಮಾತನ್ನು ಬರೆಯುವಾಗ ನೆಲಮಾಳಿಗೆಯಲ್ಲಿ ಎಡಕ್ಕೆ ವಾಲಿಕೊಂಡು ನಿಂತಿರುವ ಚಪ್ಪಲಿ ಸ್ಟ್ಯಾಂಡು ನೆನಪಾಗುತ್ತದೆಯಾದರೂ, ಅಚ್ಚಿನ ಮರದ ವಿಷಯದಲ್ಲಿ ಅವರು ತೋರಿದ ತಾಳ್ಮೆಯನ್ನು ಹೇಳಲೇಬೇಕು. ಮೊದಲು ಬಾಸ್‌ವುಡ್ ಎಂಬ ಮರ ತಂದರು. ಇಲ್ಲಿ ಕೆತ್ತನೆ ಕಲಿಯುವವರು ಬಳಸುವ ಮೆದುವಾದ ಮರ ಅದು; ಕತ್ತಿಗೆ ಬೆಣ್ಣೆಯಂತೆ ಬಗ್ಗುತ್ತದೆ, ಆದರೆ ನೆನೆಸಿದೊಡನೆ ನಾರು ಎದ್ದು ಪೀಚಿನ ಸಿಪ್ಪೆಯಂತಾಗಿ ಸಕ್ಕರೆಯನ್ನು ಬಿಡಲೇ ಇಲ್ಲ. ಎರಡನೆಯ ಸಲ ಮೇಪಲ್ ತಂದರು. ಅದು ಗಟ್ಟಿ, ಎಳೆ ಒತ್ತಾದ ಮರ, ನಮ್ಮ ತೇಗಕ್ಕೆ ಸರಿಸಮ. ಅಚ್ಚಿನ ಕೆತ್ತನೆ ಎಲ್ಲವೂ ತಿರುವುಮುರುವು. ಗಿಳಿಯ ಹೊಟ್ಟೆ ಉಬ್ಬಬೇಕಾದರೆ ಮರದಲ್ಲಿ ಅಲ್ಲಿಯೇ ಆಳ ಹೆಚ್ಚಿರಬೇಕು, ಬಲಕ್ಕೆ ನೋಡಬೇಕಾದ ಗಿಳಿಯನ್ನು ಎಡಕ್ಕೆ ನೋಡುವಂತೆ ತೋಡಬೇಕು, ಗುಳಿಯ ಗೋಡೆಗಳು ನೆಟ್ಟಗಿರದೆ ಬಾಯತ್ತ ಸ್ವಲ್ಪ ಅಗಲವಾಗಿ ಓರೆಯಾಗಿರಬೇಕು. ಇಲ್ಲವಾದರೆ ಗಟ್ಟಿಯಾದ ಸಕ್ಕರೆ ಒಳಗೇ ಸಿಕ್ಕಿಕೊಳ್ಳುತ್ತದೆ. ಹತ್ತು ಸಲ ಕೆತ್ತುವ ಬದಲು ನಡುನಡುವೆ ಚಪಾತಿ ಹಿಟ್ಟನ್ನು ಒತ್ತಿ ತೆಗೆದು ಆಕಾರ ನೋಡುವ ಉಪಾಯ ಹೇಳಿಕೊಟ್ಟದ್ದು ಅತ್ತೆ. ಜನವರಿಯ ಮೊದಲ ವಾರವೆಲ್ಲ ನಮ್ಮ ರಾತ್ರಿಯ ಚಪಾತಿಗಳು ಕೊಕ್ಕು ರೆಕ್ಕೆಗಳ ಗುರುತು ಹೊತ್ತೇ ಕಾವಲಿಗೆ ಬಂದವು.

ಗಿಳಿಯಾದ ಮೇಲೆ ಮೀನಿನ ಬದಲು ಲೂನ್ ಬೇಕೆಂದು ಮಗಳು ಹಟ ಹಿಡಿದಳು. ಲೂನ್ ಮಿನ್ನೆಸೋಟದ ರಾಜ್ಯಪಕ್ಷಿ, ಇಲ್ಲಿನ ಕೆರೆಗಳಲ್ಲಿ ಬೇಸಿಗೆಯೆಲ್ಲ ಕೂಗುವ, ಕಪ್ಪು ಬಿಳಿ ಚುಕ್ಕೆಯ ನೀರುಹಕ್ಕಿ; ಅವಳ ಶಾಲೆಯ ಗೋಡೆಯ ಮೇಲೂ ಅದರ ಚಿತ್ರವಿದೆ. ಸಂಕ್ರಾಂತಿಗೆ ಲೂನ್ ಏಕೆಂದು ನಾನು ಕೇಳಿದಾಗ, ಹಾಗಾದರೆ ಹುಂಜ ಏಕೆ ಎಂದು ಅವಳು ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ.

ಅಚ್ಚು ಹೊಯ್ಯುವ ದಿನ ಸಕ್ಕರೆಯ ಚೀಲದ ಮೇಲಿನ ಅಕ್ಷರ ಓದಿದ್ದೂ ಅವಳೇ: ಬೀಟ್ ಸಕ್ಕರೆ. ಅಮೆರಿಕದಲ್ಲಿ ಅತಿ ಹೆಚ್ಚು ಸಕ್ಕರೆ ಬೀಟ್ ಬೆಳೆಯುವುದು ಮಿನ್ನೆಸೋಟ. ಉತ್ತರದ ರೆಡ್ ರಿವರ್ ಕಣಿವೆಯಲ್ಲಿ ಶರತ್ಕಾಲದಲ್ಲಿ ಕಿತ್ತ ಗೆಡ್ಡೆಗಳನ್ನು ಬಯಲಿನಲ್ಲಿ ಗುಡ್ಡೆ ಹಾಕಿ, ಚಳಿಗೆ ಹೆಪ್ಪುಗಟ್ಟಿಸಿಟ್ಟು, ತಿಂಗಳುಗಟ್ಟಲೆ ಕಾರ್ಖಾನೆಗೆ ಸಾಗಿಸುತ್ತಾರೆ. 1933ರಲ್ಲಿ ಆರಂಭವಾದ ಸಕ್ಕರೆ ಕಾರ್ಖಾನೆಯ ಊರಿನಲ್ಲಿ, ಕಬ್ಬಿನ ಗಾಡಿಗಳ ಹಿಂದೆ ಓಡಿ ಜಲ್ಲೆ ಎಳೆದು ಬೆಳೆದ ಅತ್ತೆಯವರಿಗೆ ಗೆಡ್ಡೆಯಿಂದ ಸಕ್ಕರೆ ಬರುತ್ತದೆಂಬುದೇ ಹೊಸ ಸುದ್ದಿ. ಸುಗ್ಗಿಯ ಹಬ್ಬಕ್ಕೆ ಇದು ನಡೆಯುತ್ತದೆಯೆ ಎಂದು ಸ್ವಲ್ಪ ಹೊತ್ತು ಯೋಚಿಸಿ, "ಇಲ್ಲಿಯವರ ಸುಗ್ಗಿ ಇದೇ ತಾನೆ" ಎಂದು ಪಾತ್ರೆ ಒಲೆಗಿಟ್ಟರು.

ಒಂದು ಕಿಲೋ ಸಕ್ಕರೆಗೆ ಅರ್ಧ ಲೀಟರ್ ನೀರು, ಕುದಿ ಬಂದಾಗ ಕಾಲು ಲೋಟ ಹಾಲು. ಹಾಲು ಒಡೆದು ಕೊಳೆಯನ್ನು ಹಿಡಿದುಕೊಂಡು ಮೇಲೆ ತೇಲುತ್ತದೆ; ಅದನ್ನು ತೆಗೆದು ಬಟ್ಟೆಯಲ್ಲಿ ಶೋಧಿಸಬೇಕು. ಇಲ್ಲಿನ ಸಕ್ಕರೆಯಲ್ಲಿ ಕೊಳೆಯೇ ಇಲ್ಲವಲ್ಲ ಎಂದೆ, ಹಾಲು ಹಾಕದೆ ಅಚ್ಚಿಲ್ಲ ಎಂದರು. ಶೋಧಿಸಿದ ಪಾಕದಲ್ಲಿ ಒಂದೊಂದೇ ಸೌಟನ್ನು ಸಣ್ಣ ಬಾಣಲೆಗೆ ತೆಗೆದುಕೊಂಡು, ಎಳೆ ಬಂದೊಡನೆ ಇಳಿಸಿ, ಸೌಟಿನ ಬೆನ್ನಿನಿಂದ ಬಾಣಲೆಯ ಅಂಚಿಗೆ ತಿಕ್ಕುತ್ತಿದ್ದರೆ ಪಾಕ ಮಂಜಾಗಿ ಬೆಳ್ಳಗಾಗುತ್ತದೆ. ಆ ಗಳಿಗೆಯಲ್ಲೇ ಹೊಯ್ಯಬೇಕು. ಒಂದು ಉಸಿರು ಮುಂಚೆಯಾದರೆ ಅಚ್ಚು ಕಟ್ಟುವುದಿಲ್ಲ, ಒಂದು ಉಸಿರು ತಡವಾದರೆ ಬಾಣಲೆಯಲ್ಲೇ ಕಲ್ಲಾಗುತ್ತದೆ. ಎಷ್ಟು ಡಿಗ್ರಿಗೆ ಇಳಿಸಬೇಕೆಂದು ಯಜಮಾನರು ಥರ್ಮಾಮೀಟರ್ ಹಿಡಿದು ನಿಂತಿದ್ದರು. ಅತ್ತೆ ಕೇಳಿಸಿಕೊಳ್ಳುತ್ತಿದ್ದದ್ದು ಪಾಕದ ಸದ್ದನ್ನು. ಲೂನ್ ನೋಡಲು ಚೆನ್ನಾಗಿಯೇ ಬಂತು, ಆದರೆ ಕತ್ತು ಸಣ್ಣ. ಇಪ್ಪತ್ತಾರರಲ್ಲಿ ತಲೆ ಉಳಿಸಿಕೊಂಡದ್ದು ಒಂಬತ್ತು.

2024ರಲ್ಲಿ ಹಬ್ಬ ಯಾವ ದಿನವೆಂಬುದೇ ಒಂದು ಚರ್ಚೆಯಾಯಿತು. ಊರಿನ ಪಂಚಾಂಗದಂತೆ ಜನವರಿ 15ರ ಸೋಮವಾರ ಬೆಳಗಿನ ಜಾವ ಸಂಕ್ರಮಣ. ಹನ್ನೊಂದೂವರೆ ಗಂಟೆ ಹಿಂದಿರುವ ನಮಗೆ ಅದು 14ರ ಭಾನುವಾರ ಮಧ್ಯಾಹ್ನವೇ ಆಗಿಹೋಗುತ್ತದೆ. ಸೂರ್ಯ ಕಾಣುತ್ತಿರುವಾಗಲೇ ಸಂಕ್ರಮಣವಾಗುವುದನ್ನು ಬಿಟ್ಟು ಮರುದಿನ ಪೂಜೆ ಮಾಡುವುದೇತಕ್ಕೆ ಎಂದು ಅತ್ತೆ ಭಾನುವಾರವೇ ಎಳ್ಳುನೀರು ಹಾಕಿಸಿ, ಹುಗ್ಗಿ ಇಟ್ಟರು. ಹುಗ್ಗಿಗೆ ಅವರೆಕಾಳು ಸಿಕ್ಕಿದ್ದು ಗುಜರಾತಿ ಹೆಸರಿನಲ್ಲಿ, 'ಲಿಲ್ವಾ' ಎಂದು ಬರೆದ ಶೈತ್ಯದ ಪೊಟ್ಟಣದಲ್ಲಿ. ಕಬ್ಬು ತಂದದ್ದು ಪಕ್ಕದ ಸೇಂಟ್ ಪಾಲ್ ನಗರದಲ್ಲಿ, ಆಗ್ನೇಯ ಏಷ್ಯಾದಿಂದ ಬಂದು ನೆಲೆಸಿದ ಹ್ಮಾಂಗ್ ಜನರ ಮಾರುಕಟ್ಟೆಯಿಂದ. ಮಗನಿಗೆ ಕರಿ ಎರೆಯಲು ಎಲಚಿ ಹಣ್ಣಿಲ್ಲವೆಂದು ಕೊರಗುತ್ತಿದ್ದ ಅತ್ತೆ ಅದೇ ಮಾರುಕಟ್ಟೆಯಲ್ಲಿ ಸುಕ್ಕುಗಟ್ಟಿದ ಕೆಂಪು ಹಣ್ಣಿನ ಚೀಲವೊಂದನ್ನು ಮೂಸಿ ನೋಡಿ, ಇದು ಎಲಚಿಯ ನೆಂಟನೇ ಎಂದರು. ಅವರ ಮೂಗು ತಪ್ಪಲಿಲ್ಲ. ಚೀನಾದವರ ಜುಜುಬೆಯೂ ನಮ್ಮ ಎಲಚಿಯೂ ಒಂದೇ ಕುಲದ ಗಿಡಗಳು. ಅವನ್ನು ಕಬ್ಬಿನ ಚೂರು, ಚಿಲ್ಲರೆ ಕಾಸಿನೊಡನೆ ತಲೆಯ ಮೇಲೆ ಎರೆದಾಗ ಮಗ ಹಣ್ಣನ್ನೆಲ್ಲ ಬಿಟ್ಟು ಕಾಸನ್ನು ಮಾತ್ರ ಆರಿಸಿಕೊಂಡ.

ಎಳ್ಳು ಬೀರಿದ್ದು ಸೋಮವಾರ ಸಂಜೆ. ಅಂದು ಮಾರ್ಟಿನ್ ಲೂಥರ್ ಕಿಂಗ್ ದಿನದ ರಜೆಯಿದ್ದದ್ದು ಅನುಕೂಲವಾಯಿತು. ಅಷ್ಟು ದಿನ ಸುಮ್ಮನಿದ್ದ ಚಳಿ ಆ ವಾರಾಂತ್ಯದಲ್ಲೇ ಎರಗಿ, ರಾತ್ರಿಯ ಉಷ್ಣತೆ ಸೊನ್ನೆಗಿಂತ ಇಪ್ಪತ್ತು ಡಿಗ್ರಿಗೂ ಕೆಳಗಿಳಿದಿತ್ತು. ಮರೆತು ಕಾರಿನಲ್ಲೇ ಬಿಟ್ಟಿದ್ದ ಬಾಳೆಹಣ್ಣು, ವೀಳ್ಯದೆಲೆಗಳೆರಡೂ ಕಪ್ಪಾಗಿದ್ದವು. ಮಗಳು ರೇಷ್ಮೆ ಲಂಗದ ಮೇಲೆ ಹಿಮದ ಪ್ಯಾಂಟು ಏರಿಸಿಕೊಂಡು, ಪ್ರತಿ ಮನೆಯ ಹೊಸಿಲಲ್ಲೂ ಅದನ್ನು ಕಳಚಿ, ಲಂಗ ನೀವಿಕೊಂಡು ತಟ್ಟೆ ಹಿಡಿದಳು. "ಎಳ್ಳು ಬೆಲ್ಲ ತಿಂದು ಒಳ್ಳೆ ಮಾತಾಡಿ" ಎಂದು ಪಕ್ಕದ ಮನೆಯ ಅಜ್ಜನಿಗೂ ಕನ್ನಡದಲ್ಲೇ ಹೇಳಿದಳು. ಅವರಿಗೆ ತಲೆಯಿರುವ ಲೂನ್ ಕೊಟ್ಟೆವು. ತಲೆ ಹೋದವು ಯುಗಾದಿಯವರೆಗೆ ನಮ್ಮ ಕಾಫಿಗೆ ಬಿದ್ದವು.

ಏಪ್ರಿಲಿನಲ್ಲಿ ಹೊರಟಾಗ ಅತ್ತೆ ತೇಗದ ಮರಗಳನ್ನು ನನ್ನಲ್ಲೇ ಬಿಟ್ಟು, ಲೂನಿನ ಮೇಪಲ್ ಮರವನ್ನು ಅದೇ ಹಳೆಯ ಸೀರೆಯಲ್ಲಿ ಸುತ್ತಿಕೊಂಡು ಹೋದರು. ಮಂಡ್ಯದಲ್ಲಿ ಅದನ್ನು ಎಲ್ಲರೂ ಬಾತುಕೋಳಿ ಎಂದೇ ಕರೆಯುತ್ತಾರಂತೆ. ಕಬ್ಬಿನ ಸಕ್ಕರೆಯಲ್ಲಿ ಹೊಯ್ದರೂ ಕತ್ತು ಮುರಿಯುತ್ತದೆಂದು ಅವರು ಫೋನಿನಲ್ಲಿ ಹೇಳಿದ ಮೇಲೆ, ಯಜಮಾನರು ನೆಲಮಾಳಿಗೆಯಲ್ಲಿ ಇನ್ನೊಂದು ಮೇಪಲ್ ತುಂಡಿನ ಮೇಲೆ ದಪ್ಪ ಕತ್ತಿನ ಹಕ್ಕಿಯ ಗೆರೆ ಎಳೆದಿಟ್ಟಿದ್ದಾರೆ.