ಬಾರ್‌ಸ್ಟೋದಿಂದ ಗ್ರ್ಯಾಂಡ್ ಕ್ಯಾನ್ಯನ್: ಬಿರುಬಿಸಿಲಿನ ಮೋಟರ್‌ಹೋಮ್ ದಾರಿ, ನಾಯಿಯ ಬಾಯಲ್ಲಿ

ನಾಯಿಗೆ ಕೆಲಸವಿಲ್ಲ, ನಿಲ್ಲೋಕೆ ಹೊತ್ತಿಲ್ಲ ಅಂತ ನಮ್ಮ ಮೇಲೊಂದು ಗಾದೆ ಇದೆ. ಜುಲೈನಲ್ಲಿ ಮೊಹಾವಿ ಮರುಭೂಮಿ ದಾಟುವಾಗ ಮಾತ್ರ ನಮಗೆ ಕೈತುಂಬ ಕೆಲಸ: ನಾಲಿಗೆ ಚಾಚಿ ತೇಕುವುದು, ತಣ್ಣನೆ ಗಾಳಿ ಎಲ್ಲಿಂದ ಬರುತ್ತಿದೆ ಅಂತ ಮೂಗು ಹೊರಳಿಸುವುದು. ಎರಡನೆಯದನ್ನು ಗಾಡಿ ಓಡಿಸುವವರೂ ಕಲಿಯಬೇಕು. ಕ್ಯಾಲಿಫೋರ್ನಿಯಾದ ಕನ್ನಡದ ಮನೆಗಳು ರಜೆಗೆ ಬಾಡಿಗೆ ಮೋಟರ್‌ಹೋಮ್ ಹಿಡಿದು ನಮ್ಮನ್ನೂ ಹತ್ತಿಸಿಕೊಳ್ಳುತ್ತವೆ. ಈ ಮಾತು ಅಂಥವರಿಗೆ.

ದಾರಿ ಸುಲಭ. ಬಾರ್‌ಸ್ಟೋದಿಂದ ಐ-40 ಹೆದ್ದಾರಿ ಹಿಡಿದರೆ ನೀಡಲ್ಸ್ ಸುಮಾರು 145 ಮೈಲಿ, ಅಲ್ಲಿಂದ ಕಿಂಗ್‌ಮನ್ 60, ಮುಂದೆ ವಿಲಿಯಮ್ಸ್ 115, ಅಲ್ಲಿಂದ ಸೌತ್ ರಿಮ್, ಅಂದರೆ ಕ್ಯಾನ್ಯನ್‌ನ ದಕ್ಷಿಣ ಅಂಚು, ಇನ್ನೊಂದು 60. ನೀಡಲ್ಸ್ ಕೊಲೊರಾಡೊ ನದಿಯ ದಂಡೆಯ ತಗ್ಗಿನಲ್ಲಿದೆ, ಜುಲೈ ಮಧ್ಯಾಹ್ನ 43 ಡಿಗ್ರಿ ಅಲ್ಲಿ ಮಾಮೂಲು. ಸೌತ್ ರಿಮ್ ಇರುವುದು 2,100 ಮೀಟರ್ ಎತ್ತರದಲ್ಲಿ, ಅಲ್ಲಿ 30ರ ಆಸುಪಾಸು. ಬೆಳಗಿನ ಜಾವ ನಾಲ್ಕೂವರೆಗೆ ಹೊರಟರೆ ಏಳೂವರೆಯೊಳಗೆ ನೀಡಲ್ಸ್ ಹಿಂದಾಗುತ್ತದೆ. ಒಂಬತ್ತಕ್ಕೆ ತಿಂಡಿ ಮುಗಿಸಿ ಹೊರಡೋಣ ಅನ್ನುವವರು ನಾಯಿಯನ್ನು ಮನೆಯಲ್ಲೇ ಬಿಟ್ಟು ಬರುವುದು ಒಳ್ಳೆಯದು.

ಮೋಟರ್‌ಹೋಮ್‌ನಲ್ಲಿ ಎಸಿ ಎರಡು. ಡ್ಯಾಶ್‌ಬೋರ್ಡಿನದು ಎಂಜಿನ್ ಬಲದಲ್ಲಿ ಓಡುತ್ತದೆ. 25 ಅಡಿ ಗಾಡಿಯಲ್ಲಿ ಅದರ ತಂಪು ಮುಂದಿನ ಎರಡು ಸೀಟಿಗಷ್ಟೇ, ಹಿಂದೆ ಮಲಗಿದ ನಮಗೆ ಸುದ್ದಿ ಮಾತ್ರ. ಚಾವಣಿಯ ಎಸಿ ಸಾಮಾನ್ಯವಾಗಿ 13,500 ಬಿಟಿಯು (ತಂಪು ಮಾಡುವ ಬಲದ ಅಳತೆ). ಅದಕ್ಕೆ 120 ವೋಲ್ಟ್ ಬೇಕು, ಅಂದರೆ ಓಡುವಾಗ ಜನರೇಟರ್ ಹಾಕಲೇಬೇಕು. ಗಂಟೆಗೆ ಅರ್ಧ ಗ್ಯಾಲನ್ ಹತ್ತಿರ ಪೆಟ್ರೋಲ್ ಕುಡಿಯುತ್ತದೆ, ಅದೂ ಗಾಡಿಯ ಟ್ಯಾಂಕಿನಿಂದಲೇ. ಟ್ಯಾಂಕ್ ಕಾಲು ಭಾಗಕ್ಕಿಳಿದರೆ ಜನರೇಟರ್ ತಾನಾಗಿ ನಿಲ್ಲುತ್ತದೆ. ಅದು ಕೆಟ್ಟು ನಿಂತದ್ದಲ್ಲ, ಗಾಡಿ ನಡುದಾರಿಯಲ್ಲಿ ನಿಲ್ಲದಿರಲೆಂದು ಟ್ಯಾಂಕಿನೊಳಗೆ ಅದರ ಪೈಪನ್ನು ಗಿಡ್ಡವಾಗಿ ಇಟ್ಟಿರುತ್ತಾರೆ. ಹಾಗಾಗಿ ಅರ್ಧ ಟ್ಯಾಂಕಿಗೇ ತುಂಬಿಸಿ. ನೀಡಲ್ಸ್‌ಗೆ ಮುಂಚೆ ಸಿಗುವ ಲಡ್‌ಲೋದಲ್ಲಿ ಬಂಕ್ ಇದೆ, ರೇಟ್ ನೋಡಿ ಮುಖ ಸಿಂಡರಿಸದೆ ಹಾಕಿಸಿ. ಬಾಡಿಗೆ ಕಂಪನಿಯವರು ಜನರೇಟರಿಗೆ ಗಂಟೆ ಲೆಕ್ಕ ಹಾಕುತ್ತಾರೆ ಅಂತ ಆಫ್ ಮಾಡಿದರೆ ಉಳಿಯುವುದು ನಿಮ್ಮ ಡಾಲರ್, ಬೇಯುವುದು ನಾವು.

ಉದ್ದ ಏರುಗಳಲ್ಲಿ ಎಂಜಿನ್ ಕಾಯದಿರಲು ಡ್ಯಾಶ್ ಎಸಿ ಆರಿಸಬೇಕಾಗಬಹುದು. ಆರಿಸಿ. ಚಾವಣಿಯದನ್ನು ಮುಟ್ಟಬೇಡಿ, ಅದಕ್ಕೂ ಎಂಜಿನ್ನಿಗೂ ಸಂಬಂಧವಿಲ್ಲ.

ಮುಂದಿನ ಎರಡು ಸೀಟಿನ ನಡುವೆ ಎಂಜಿನ್ ಮುಚ್ಚಿದ ಉಬ್ಬು ಇರುತ್ತದೆ. ಮೆಕ್ಯಾನಿಕ್‌ಗಳು ಅದನ್ನು ಡಾಗ್‌ಹೌಸ್ ಅನ್ನುತ್ತಾರೆ. ಹೆಸರಿಗೆ ಮರುಳಾಗಬೇಡಿ, ಇಡೀ ಗಾಡಿಯಲ್ಲಿ ಅಷ್ಟು ಸುಡುವ ಜಾಗ ಇನ್ನೊಂದಿಲ್ಲ. ನಮ್ಮ ಜಾಗ ಊಟದ ಟೇಬಲ್ಲಿನ ಹತ್ತಿರ, ಎದೆಪಟ್ಟಿಯನ್ನು ಸೀಟ್ ಬೆಲ್ಟಿಗೆ ಸಿಕ್ಕಿಸಿ. ಕತ್ತಿನ ಪಟ್ಟಿಗೆ ಬೇಡ, ಜೋರಾಗಿ ಬ್ರೇಕ್ ಹಾಕಿದಾಗ ಗಂಟಲು ಬಿಗಿಯುತ್ತದೆ.

ಇನ್ನೊಂದು, ಇದರಲ್ಲಿ ತಪ್ಪು ನಮ್ಮದೇ. ಉದುರಿದ ಕೂದಲು ಚಾವಣಿ ಎಸಿಯ ಫಿಲ್ಟರಿಗೆ ಮೆತ್ತಿ ಗಾಳಿ ಕಟ್ಟುತ್ತದೆ, ಒಳಗಿನ ಕಾಯಿಲ್ ಮೇಲೆ ಮಂಜುಗಡ್ಡೆ ಕೂರುತ್ತದೆ. ಫ್ಯಾನ್ ಸದ್ದು ಬರುತ್ತದೆ, ತಂಪು ಬರುವುದಿಲ್ಲ. ಬರೀ ಫ್ಯಾನಿಗೆ ತಿರುಗಿಸಿ ಗಡ್ಡೆ ಕರಗಲು ಬಿಡಿ, ಫಿಲ್ಟರ್ ತೊಳೆದು ಒಣಗಿಸಿ ಹಾಕಿ. ಹೊರಡುವ ಮುಂಚೆಯೇ ತೊಳೆದಿದ್ದರೆ ಈ ತಾಪತ್ರಯವಿಲ್ಲ.

ನಿಲ್ಲಿಸಿದಾಗ ಅಂಗೈಯ ಹಿಂಬದಿಯನ್ನು ಟಾರಿನ ಮೇಲೆ 7 ಸೆಕೆಂಡ್ ಇಡಿ. ಇಡಲಾಗದಿದ್ದರೆ ನಮ್ಮ ಪಾದವೂ ಸುಡುತ್ತದೆ, ಮಣ್ಣು ಇಲ್ಲವೇ ನೆರಳು ಹುಡುಕಿ. ನೀರು ಸ್ವಲ್ಪಸ್ವಲ್ಪವೇ ಕೊಡಿ. 20 ಕಿಲೋ ನಾಯಿಗೆ ತಂಪು ದಿನದಲ್ಲೇ ಒಂದು ಲೀಟರ್ ಬೇಕು, ಈ ದಾರಿಯಲ್ಲಿ ಮೂರು ಇಟ್ಟುಕೊಳ್ಳಿ.

ಸೌತ್ ರಿಮ್‌ನ ಟ್ರೇಲರ್ ವಿಲೇಜ್ ಅನ್ನುವ ಮೋಟರ್‌ಹೋಮ್ ತಂಗುದಾಣದಲ್ಲಿ ಕರೆಂಟ್ ಸಿಗುತ್ತದೆ. ಮ್ಯಾಥರ್ ಕ್ಯಾಂಪ್‌ಗ್ರೌಂಡಿನಲ್ಲಿ ಇಲ್ಲ, ಜನರೇಟರಿಗೂ ಬೆಳಿಗ್ಗೆ ಸಂಜೆ ಕೆಲವು ಗಂಟೆ ಮಾತ್ರ ಅನುಮತಿ. ಕರೆಂಟ್ ಇದ್ದ ಮಾತ್ರಕ್ಕೆ ನಿಶ್ಚಿಂತೆಯೂ ಅಲ್ಲ. 30 ಆಂಪ್ ಲೈನಿನಲ್ಲಿ ಎಸಿ ಸುಮಾರು 13 ಆಂಪ್ ಎಳೆಯುತ್ತದೆ, ಮೈಕ್ರೋವೇವ್ ಇನ್ನೊಂದು 13, ಕರೆಂಟಿನ ಗೀಸರ್ 12. ಮೂರೂ ಒಟ್ಟಿಗೆ ಹಾಕಿದರೆ ಬ್ರೇಕರ್ ಬೀಳುತ್ತದೆ. ದಾರಿಯಲ್ಲಿ ಕಿಂಗ್‌ಮನ್‌ನಂಥ ಬಿಸಿ ಊರಲ್ಲಿ ತಂಗಿದರೆ ಬೇರೆ ಗ್ರಹಚಾರ: ಮಧ್ಯಾಹ್ನ ಎಲ್ಲರ ಎಸಿಯೂ ಓಡಿ ವೋಲ್ಟೇಜ್ ಕುಸಿಯುತ್ತದೆ, 104 ವೋಲ್ಟ್‌ಗಿಂತ ಕೆಳಗಿಳಿದರೆ ಕರೆಂಟಿನ ಏರಿಳಿತದಿಂದ ಗಾಡಿಯನ್ನು ಕಾಯುವ ರಕ್ಷಣೆಯ ಪೆಟ್ಟಿಗೆ ಲೈನನ್ನೇ ಕಡಿಯುತ್ತದೆ. ನೀವು ಊಟಕ್ಕೆ ಹೋಗಿರುತ್ತೀರಿ, ಮುಚ್ಚಿದ ಗಾಡಿಯ ಒಳಗೆ ಹತ್ತೇ ನಿಮಿಷದಲ್ಲಿ ಹತ್ತು ಡಿಗ್ರಿ ಏರಬಹುದು. ಸಿಮ್ ಇರುವ ಟೆಂಪರೇಚರ್ ಅಲಾರಂ ಇಡಿ, 27 ಡಿಗ್ರಿಗೆ ಕೂಗುವಂತೆ. ವೈಫೈ ಮೇಲೆ ಓಡುವುದು ಬೇಡ, ಕರೆಂಟ್ ಹೋದಾಗ ಅದೂ ಬಾಯಿ ಮುಚ್ಚುತ್ತದೆ. ಅಲಾರಂ ಇದ್ದರೂ ಹತ್ತು ನಿಮಿಷಕ್ಕೆ ವಾಪಸಾಗುವಷ್ಟು ಹತ್ತಿರವೇ ಇರಿ.

ನಮಗೆ ಬೆವರಿ ತಣಿಯುವ ಭಾಗ್ಯವಿಲ್ಲ. ತೇಕುವುದು ನಿಲ್ಲದಿದ್ದರೆ, ಒಸಡು ಕಡುಗೆಂಪಾದರೆ, ನಡೆ ತೂರಾಡಿದರೆ ಬಿಸಿಲು ಹೊಡೆದಿದೆ ಎಂದೇ ಅರ್ಥ. ತಣ್ಣೀರು ಸುರಿಯುತ್ತ ಫ್ಯಾನಿನ ಗಾಳಿ ಹಿಡಿಯಿರಿ. ಒದ್ದೆ ಟವೆಲ್ ಹೊದಿಸಿ ಬಿಡಬೇಡಿ, ಅದು ಶಾಖವನ್ನು ಒಳಗೇ ಕಟ್ಟಿಹಾಕುತ್ತದೆ. ಮೊದಲು ತಣಿಸಿ, ಆಮೇಲೆ ವೆಟ್ ಹತ್ತಿರ ಓಡಿ. ಪಗ್, ಬುಲ್‌ಡಾಗ್‌ನಂಥ ಚಪ್ಪಟೆ ಮೂತಿಯವರಿಗೆ ಈ ಪ್ರಯಾಣವೇ ಬೇಡ.

ಕ್ಯಾನ್ಯನ್‌ನಲ್ಲಿ ಸೌತ್ ರಿಮ್ ಅಂಚಿನ ದಾರಿಯಲ್ಲಿ 6 ಅಡಿಯ ಹಗ್ಗದಲ್ಲಿ ನಡೆಯಬಹುದು. ಅಂಚಿನಿಂದ ಕೆಳಗಿಳಿಯುವ ಹಾದಿಗೂ ಶಟಲ್ ಬಸ್ಸಿಗೂ ನಮಗೆ ಪ್ರವೇಶವಿಲ್ಲ. ಮನೆಯಲ್ಲಿ ಇಬ್ಬರು ದೊಡ್ಡವರಿದ್ದರೆ ಪಾಳಿ ಹಾಕಿಕೊಳ್ಳಿ.

ವಾಪಸಾಗುವಾಗ ತಂಪಿನಿಂದ ಬಿಸಿಗೆ ಇಳಿಯುತ್ತೀರಿ. ಕತ್ತಲಾದ ಮೇಲೆ ನೀಡಲ್ಸ್ ಮುಟ್ಟುವಂತೆ ಹೊರಡಿ. ಕ್ಯಾಲಿಫೋರ್ನಿಯಾ ಹೊಕ್ಕೊಡನೆ ಕೃಷಿ ತಪಾಸಣೆಯ ಗೇಟು ಸಿಗುತ್ತದೆ. ಒಗ್ಗರಣೆಗೆಂದು ತಂದ ಕರಿಬೇವು, ನಿಂಬೆಹಣ್ಣು ಉಳಿದಿದ್ದರೆ ಮುಚ್ಚಿಡದೆ ತೋರಿಸಿ. ನಿಂಬೆ ಜಾತಿಯ ಗಿಡಗಳಿಗೆ ರೋಗ ಹರಡುವ ಕೀಟ ಕರಿಬೇವಿನಲ್ಲೂ ಕೂರುವುದರಿಂದ ಅಲ್ಲಿ ಕಟ್ಟುನಿಟ್ಟು. ಒಗ್ಗರಣೆಯಿಲ್ಲದ ಮೊಸರನ್ನ ನನ್ನ ಪಾಲು, ಅದನ್ನು ಯಾರೂ ಕಿತ್ತುಕೊಳ್ಳುವುದಿಲ್ಲ.